ತಳದ ತೂತು

ನಾನು ನಲ್ಲಿ ಕೆಲಸದವನು. ತೂತು ಕೊರೆಯುವುದು ನನ್ನ ಕಸುಬು,
ಅದಕ್ಕೇ ಕರೆಸಿದರು.
ಓಡ್ಡಾದಿಂದ ಒಂದು ಬಸ್ಸು, ಆಮೇಲೆ ಫೆರಿ,
ಆಮೇಲೆ ಫ್ಯೋರ್ಡಿನ ಅಂಚಿಗಂಟಿದ ಕಾಲುದಾರಿ.
ಚೀಲದಲ್ಲಿ ಎರಡಂಗುಲದ ಗೋಲ ಗರಗಸ.

ದೋಣಿಮನೆಯೊಳಗೆ ದೋಣಿಯಿಲ್ಲ.
ಉದ್ದ ಬೆಂಚಿನ ಮೇಲೆ ಬೋರಲು ಬಿದ್ದಿದ್ದವು
ಹನ್ನೆರಡು ಮರದ ಬೇಸಿನ್ನು,
ಹಾಲು ಕುಡಿಯುವ ಹಂದಿಮರಿಗಳಂತೆ ಒತ್ತೊತ್ತಾಗಿ.
ಬೆರ್ಗೆನ್ನಿನ ಹೊಸ ಹೋಟೆಲಿಗಂತೆ,
ಬಚ್ಚಲಿಗೊಂದು.

ಗುನ್ವೋರ್ ಕಾಫಿ ಸುರಿದು ಮೆಲ್ಲಗೆ ಅಂದಳು:
ಅಣ್ಣ ಎಲ್ಲ ಮಾಡಿದ್ದಾನೆ.
ತೂತು ಕೊರೆಯಲು ಮಾತ್ರ ಕೈ ಬರುವುದಿಲ್ಲವಂತೆ.

ಓಸ್ಮುಂಡ್ ಕಿಟಕಿಯ ಕಡೆ ತಿರುಗಿ ಕೂತಿದ್ದ.
ಐವತ್ತೈದು ವರ್ಷ ಇವನಿಗೆ ಒಂದೇ ಕೆಲಸ,
ನೀರನ್ನು ಆಚೆ ಇಡುವುದು.
ಹಲಗೆಯ ಮೇಲೆ ಹಲಗೆ ಏರಿಸಿ, ನಡುವೆ
ಕೀಲೆಣ್ಣೆಯಲ್ಲಿ ಅದ್ದಿದ ಉಣ್ಣೆ ತುರುಕಿ,
ತಾಮ್ರದ ಮೊಳೆ ಬಡಿದು ಬಡಿದು
ಇಡೀ ಸಮುದ್ರಕ್ಕೆ 'ಬರಬೇಡ' ಅಂದವನು
ಈಗ ಒಂದು ಬೊಗಸೆಗೆ 'ಇರು' ಅನ್ನಬೇಕು,
ಅದೂ ಸೋಪಿನ ನೀರಿಗೆ,
ಯಾರೋ ಹಲ್ಲುಜ್ಜಿ ಉಗುಳಿದ್ದಕ್ಕೆ.

ಪ್ಲಾಸ್ಟಿಕ್ ದೋಣಿ ಬಂದ ವರ್ಷವೇ
ಬ್ಯಾಂಕಿನವರು ಹೇಳಿದ್ದರಂತೆ,
'ಇನ್ನು ಇದಕ್ಕೆ ಕೈ ತೊಳೆದುಕೊಳ್ಳಿ.'

ಡ್ರಿಲ್ ಗುರ್ ಅಂದಿತು. ಅವನ ಬೆನ್ನು ಸೆಟೆಯಿತು.
ನಿಲ್ಲಿಸಿದೆ.
ಮಾತಿಗೆ ಮಾತು ಅಂತ ಕೇಳಿದೆ: ಮರ ಕೊಳೆಯುವುದಿಲ್ಲವೇ?
ಪಿಂಗಾಣಿಯೇ ವಾಸಿಯಲ್ಲವೇ?
ಕಿಟಕಿಗೇ ಉತ್ತರ ಹೇಳಿದ:
'ನೀರಲ್ಲೇ ಮುಳುಗಿದ್ದ ಮರ ಕೊಳೆಯುವುದಿಲ್ಲ,
ಒಣಗಿ ಕೂತ ಮರವೂ ಕೊಳೆಯುವುದಿಲ್ಲ.
ಅತ್ತಲೂ ಅಲ್ಲ ಇತ್ತಲೂ ಅಲ್ಲ ಅಂತ
ನಡುವೆ ತಿಣುಕುತ್ತದಲ್ಲ, ಅದು.'

ಇನ್ನೇನು ಮಾತಾಡಲಿ? ಮೇಲೆ ನೋಡಿದೆ.
ತೊಲೆಯಿಂದ ತೊಲೆಗೆ ಒಂದು ಹುರಿ,
ಹುರಿಯ ತುಂಬ ಮರದ ಬಿರಡೆಗಳು,
ನೂರು, ನೂರಿಪ್ಪತ್ತು, ಹೊಗೆ ಹಿಡಿದ ಹಲ್ಲಿನ ಹಾರ.
ಇವೇನು?
'ಮಾರಿದ ದೋಣಿಗಳವು' ಅಂದಳು ಗುನ್ವೋರ್,
'ದೋಣಿಯ ಜೊತೆ ಒಂದು ಹೋಗುತ್ತದೆ,
ಜೋಡಿಯದು ಇಲ್ಲಿ ಉಳಿಯುತ್ತದೆ.
ದಡಕ್ಕೆ ಎಳೆದ ಮೇಲೆ ಬಿರಡೆ ಕೀಳಬೇಕು,
ಮಳೆನೀರು ಹೋಗಬೇಕಲ್ಲ.'

ಹಾಗಾದರೆ ನಿಮ್ಮ ದೋಣಿಗೂ ತಳದಲ್ಲಿ ತೂತು?

ಮೂರ್ಖನ ಪ್ರಶ್ನೆಯೇ. ಆದರೂ
ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು.
ಆಮೇಲೆ ನಕ್ಕಿದ್ದು ಅವಳು:
'ನನಗೆ ಆಗ ಆರು. ಇವನು ಹುಟ್ಟುಹಾಕುತ್ತಿದ್ದ.
ನಡುನೀರಲ್ಲಿ ಕಾಲು ತಣ್ಣಗಾಯಿತು, ನೋಡಿದರೆ
ಬಿರಡೆಯೇ ಇಲ್ಲ. ಇವನು ಮರೆತಿದ್ದ.
ತೂತಿಗೆ ಹಿಮ್ಮಡಿ ಒತ್ತಿ ಕೂತೆ,
ದಡದವರೆಗೆ, ತುಟಿ ಕಚ್ಚಿ.
ಅಪ್ಪನಿಗೆ ಹೇಳಲಿಲ್ಲ. ಇವನಿಗೂ ಹೇಳಲಿಲ್ಲ.'

ಓಸ್ಮುಂಡ್ ಮೊದಲ ಬಾರಿ ಇತ್ತ ತಿರುಗಿದ.
ತಂಗಿಯ ಚಪ್ಪಲಿಯನ್ನೇ ನೋಡಿದ.
ಎದ್ದು, ಗೂಟದ ಮೇಲಿದ್ದ ಬೈರಿಗೆ ತೆಗೆದ.
ನನ್ನ ಡ್ರಿಲ್ಲನ್ನು ಬೆಕ್ಕನ್ನು ಸರಿಸುವಂತೆ ಸರಿಸಿದ.

ಸುರುಳಿ ಸುರುಳಿಯಾಗಿ ಹೊಟ್ಟು ಕೆಳಗಿಳಿಯಿತು,
ಒಂದರ ಹಿಂದೆ ಒಂದು ಹನ್ನೆರಡು ಬಾರಿ,
ನಡುವೆ ಕಾಫಿ ಆರಿತು.
ಹೋಟೆಲಿನವರು ಕೇಳಿದ್ದು ಸ್ಟೀಲಿನ ಮುಚ್ಚಳ.
ಅವನು ಜುನಿಪರ್ ಕೊಂಬೆ ಕೆತ್ತಿ ಬಿರಡೆ ಮಾಡಿದ,
ಒಂದೊಂದಕ್ಕೂ ಎರಡೆರಡು.

ನೀರು ತುಂಬಿದೆವು. ಹನ್ನೊಂದು ಹಿಡಿದವು.
ಹನ್ನೆರಡನೆಯದು ಅಂಚಿನಲ್ಲಿ ಬೆವರಿತು.
'ಬಿಡು' ಅಂದ, 'ಮೂರು ದಿನ ಕುಡಿಯಲಿ,
ಊದಿಕೊಂಡು ತಾನೇ ಬಾಯಿ ಮುಚ್ಚುತ್ತದೆ.'
ಆಮೇಲೆ, ಅದು ಬೆವರುತ್ತಿದ್ದಂತೆಯೇ,
ಕೀಲು ಹತ್ತಿದ ಎರಡೂ ಕೈ ಅದರೊಳಗೆ ಅದ್ದಿ
ತೊಳೆದುಕೊಂಡ.
ಕೀಲು ಹೋಗಲಿಲ್ಲ.
ಅವನೇನೂ ಹೋಗಲಿ ಅಂತ ಉಜ್ಜಿದ ಹಾಗೆ ಕಾಣಲಿಲ್ಲ.

ನನಗೆ ಪೈಪು ಜೋಡಿಸಿದ ಕೂಲಿ ಮಾತ್ರ ಬಂತು.
ಸಂಜೆಯ ಫೆರಿಯಲ್ಲಿ ಒಬ್ಬನೇ,
ಕಬ್ಬಿಣದ ನೆಲ ಅದುರುತ್ತಿತ್ತು.
ಯಾಕೋ ಗೊತ್ತಿಲ್ಲ, ಆಚೆ ದಡ ಬರುವವರೆಗೂ
ಹಿಮ್ಮಡಿ ಒತ್ತಿಕೊಂಡೇ ಕೂತಿದ್ದೆ.